ಹಲ್ಲಿನ ಬಾಯಾರ ಕೀಲುಗೊಂಬೆ

ಕಳೆದ ರವಿವಾರ ಬೆಳಿಗ್ಗೆ ಕಪಾಟಿನ ಮೇಲಿನ ಖಾನೆಯಿಂದ ಗೊಂಬೆಯ ಪೆಟ್ಟಿಗೆ ಇಳಿಸಿ ಮುಚ್ಚಳ ತೆರೆದೆ. ಲವಂಗದೆಣ್ಣೆಯ ವಾಸನೆ ಬಂತು. ಹಲ್ಲಿನ ದವಾಖಾನೆಯಲ್ಲಿ ಬಾಯಿ ತೆರೆದು ಕುಳಿತವರಿಗೆಲ್ಲ ಗೊತ್ತಿರುವ ವಾಸನೆ ಅದು. ಗೊಂಬೆಯ ಸುತ್ತ ಒತ್ತಿಟ್ಟ ಹತ್ತಿಯಲ್ಲಿ ಇನ್ನೂ ಉಳಿದಿದೆ. ಗೊಂಬೆಯನ್ನು ಹೊರಗೆ ತೆಗೆಯದೆ ನಾನು ಪೆಟ್ಟಿಗೆಯ ಮುಂದೆ ಸುಮ್ಮನೆ ಕುಳಿತುಬಿಟ್ಟೆ.

ಅದನ್ನು ಇಳಿಸಲು ಕಾರಣ ರಾಮದುರ್ಗದ ಒಬ್ಬ ಕಾಲೇಜು ಹುಡುಗಿ. ಗೊಂಬೆ ಕೂಡಿಡುವ ಹುಚ್ಚಿರುವ ನಮ್ಮದೊಂದು ಸಣ್ಣ ವಾಟ್ಸಾಪ್ ಗುಂಪು ಇದೆ. ಅದಕ್ಕೆ ಹೊಸದಾಗಿ ಸೇರಿದವಳು. "ಅಕ್ಕಾರ, ಹೊಸಬರಿಗೆ ಅಂತ ನಾಕು ಮಾತು ಬರೀರಿ, ಗ್ರೂಪಿನಾಗ ಹಾಕೂಣು. ರವಿವಾರ ನಿಮ್ಮ ಗೊಂಬಿ ನೋಡಾಕ ಬರ್ತೇನಿ," ಎಂದಿದ್ದಳು. ನಾನೂ ಹುರುಪಿನಿಂದ ಶುರು ಮಾಡಿದೆ. ಮೊದಲ ಗೊಂಬೆಗೆ ಅವಸರ ಮಾಡಬೇಡಿ, ಬಿಸಿಲಿಗೆ ಇಡಬೇಡಿ, ಅರಿಷಿಣ ಕುಂಕುಮ ತಾಗಗೊಡಬೇಡಿ... ಅಲ್ಲಿಗೆ ಬಂದು ಕೈ ನಿಂತಿತು. ಇವು ಯಾವುವೂ ನನ್ನ ಮಾತುಗಳಲ್ಲ. ಎಲ್ಲವೂ ಹಲ್ಲಿನ ಬಾಯಾರವು. ಅದರಲ್ಲೂ ಆ ಕೊನೆಯ ಮಾತನ್ನು ಬರೆಯುವ ಯೋಗ್ಯತೆ ನನಗಿಲ್ಲ ಎಂದು ಅನ್ನಿಸಿ ಫೋನು ಬದಿಗಿಟ್ಟೆ.

ಬೈಲಹೊಂಗಲದ ಪೇಟೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಎದುರಿಗೇ ಅವರ ದವಾಖಾನೆ ಇತ್ತು. ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಊರಿಗೆಲ್ಲ ಹಲ್ಲಿನ ಬಾಯಾರು, ಎಂದರೆ ಹಲ್ಲಿನ ಡಾಕ್ಟರಮ್ಮ. ಮುರಗೋಡದ ಕಡೆಯ ಪುರಾಣಿಕರ ಮನೆತನದವರು. ಅಜ್ಜ ಮುತ್ತಜ್ಜ ಪುರಾಣ ಹೇಳಿದರೆ ಇವರು ಹಲ್ಲು ಕಿತ್ತರು. "ನಮ್ಮ ಮನಿತನದಾಗ ಎಲ್ಲಾರೂ ಬಾಯಿಂದನ ಬದುಕಿದವರು ನೋಡವಾ," ಎಂದು ತಾವೇ ನಗಾಡುತ್ತಿದ್ದರು. ಯಜಮಾನರು ಸರಕಾರಿ ನೌಕರಿಯಲ್ಲಿದ್ದರು. ಒಬ್ಬನೇ ಮಗ ಧಾರವಾಡದಲ್ಲಿ ಕಾಲೇಜು ಮೇಷ್ಟ್ರು. ಹೆಣ್ಣುಮಕ್ಕಳಿರಲಿಲ್ಲ.

ದವಡೆ ಹಲ್ಲಿನ ನೋವಿಗೆ ನಾನು ಒಳಗೆ ಹೋದದ್ದು. ಕುರ್ಚಿಯ ಎದುರಿನ ಗಾಜಿನ ಕಪಾಟಿನಲ್ಲಿ ಅವಳು ಕುಳಿತಿದ್ದಳು. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚು ಎತ್ತರದ ಹುಡುಗಿ ಗೊಂಬೆ. ಒಂದು ಕೈ ಗಲ್ಲಕ್ಕೆ, ಇನ್ನೊಂದು ಮೊಣಕಾಲ ಮೇಲೆ. ಬಾಯಾರು ನನ್ನ ಹಲ್ಲು ಕೊರೆಯುವಷ್ಟು ಹೊತ್ತೂ ಅದನ್ನೇ ನೋಡಿದೆ. ಮರುದಿನ ಹೋದಾಗ ಅದು ಗಲ್ಲದಿಂದ ಕೈ ತೆಗೆದು ಕಾಲು ಮಡಚಿ ಕುಳಿತಿತ್ತು. ನನಗೆ ನೋವೇ ಮರೆತುಹೋಯಿತು. "ಇದು ತಾನ ಅಳ್ಳಾಡತೈತೇನ್ರಿ?" ಎಂದು ಕೇಳಿ ನಗೆಪಾಟಲಾದೆ.

ಅದು ಕೀಲುಗೊಂಬೆ. ಕುತ್ತಿಗೆ, ಭುಜ, ಮೊಣಕೈ, ಮಣಿಕಟ್ಟು, ಹೀಗೆ ಒಂದೊಂದು ಕೀಲಿನಲ್ಲೂ ಒಂದು ಗುಂಡು, ಆ ಗುಂಡು ಕೂಡಲು ಒಂದು ಬಟ್ಟಲಿನಂಥ ಗುಳಿ. ಒಳಗೆಲ್ಲ ಟೊಳ್ಳು. ತಲೆಯಿಂದ ಪಾದದವರೆಗೆ ಎಲಾಸ್ಟಿಕ್ ಹುರಿ ಬಿಗಿದಿರುತ್ತದೆ, ಅದರ ಎಳೆತದಲ್ಲೇ ಗೊಂಬೆ ನಿಲ್ಲುತ್ತದೆ, ಕೂಡುತ್ತದೆ, ಕತ್ತು ವಾಲಿಸುತ್ತದೆ. ಹಲ್ಲು ಮಾಡುವ ರೆಸಿನ್ ಹುಡುಕುತ್ತ ಬಾಯಾರು ಇಂಟರ್ನೆಟ್ಟಿನಲ್ಲಿ ಇದರ ಚಿತ್ರ ಕಂಡರಂತೆ. ಇದೂ ಅಂಥದೇ ರೆಸಿನ್ನಿನ ಎರಕ, ಕೊರಿಯಾದಿಂದ ತರಿಸಿದ್ದರು.

ಕಪಾಟು ತೆರೆದ ಕೂಡಲೇ ನಾನು ಕೈ ಹಾಕಿಬಿಟ್ಟೆ. ಬಾಯಾರು ನನ್ನ ಮಣಿಕಟ್ಟು ಹಿಡಿದರು.

"ಯಾರದರ ಇರಲಿ, ಮುಟ್ಟೋಕಿಂತ ಮೊದಲ ಕೇಳಬೇಕವಾ. ಮತ್ತ ಬಳಿ ಮ್ಯಾಲ ಸರಸು."

ಗಾಜಿನ ಬಳೆ ತಾಗಿದರೆ ರೆಸಿನ್ ಮೇಲೆ ಗೀರು ಬೀಳುತ್ತದೆ. ಆದರೆ ಮುತ್ತೈದೆಗೆ ಬಳೆ ತೆಗೆ ಎಂದು ಹೇಳುವುದು ಹೇಗೆ? ಅವರು ಒಂದು ದಿನವೂ ತೆಗೆ ಎನ್ನಲಿಲ್ಲ. ಬಳೆಗಳನ್ನು ಮೊಣಕೈವರೆಗೆ ಸರಿಸಿ, ದವಾಖಾನೆಯ ಬ್ಯಾಂಡೇಜ್ ಪಟ್ಟಿ ಸುತ್ತಿ, ತಾವೇ ಗಂಟು ಹಾಕುತ್ತಿದ್ದರು. ಆಗ ನನಗೆ ಅದು ತಮಾಷೆ ಎನ್ನಿಸುತ್ತಿತ್ತು. ನನ್ನ ಬಳೆಯ ಬಗ್ಗೆ ಅಷ್ಟು ಯೋಚಿಸಿದ ಹೆಂಗಸು ಅವರು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ನನಗೂ ಹುಚ್ಚು ಹಿಡಿಯಿತು. ಆನ್‌ಲೈನಿನಲ್ಲಿ ಅದೇ ಮುಖದ್ದೊಂದು ಅಗ್ಗಕ್ಕೆ ಸಿಗುತ್ತಿತ್ತು. ಕುಣಿಯುತ್ತ ಹೋಗಿ ತೋರಿಸಿದೆ. ಬಾಯಾರು ಕನ್ನಡಕ ಏರಿಸಿಕೊಂಡು ನೋಡಿ ಫೋನನ್ನು ನನ್ನ ಕೈಗೇ ತುರುಕಿದರು. "ಇದು ಕಳವಿನ ಮಾಲು. ಯಾರೋ ಕೂತು ಕೆತ್ತಿದ ಮಾರಿನ ಇನ್ಯಾವನೋ ಅಚ್ಚು ತೆಗದು ಮಾರ್ಲಿಕ್ಕೆ ಹತ್ಯಾನ. ನಿನ್ನ ತೋಳಿನ ಡಿಸೈನು ಹಿಂದಿನ ಓಣಿ ಟೇಲರ್ ಕದ್ದಾಗ ಪೇಟಿ ತುಂಬ ಒದರ್ಯಾಡಿದಾಕಿ ನೀನಽ ಅಲ್ಲೇನು?" ನಾನು ಆ ಪುಟ ಮುಚ್ಚಿದೆ. ಮೊದಲು ಇದನ್ನೇ ಎತ್ತಿ, ಕೂಡ್ರಿಸಿ, ಬಟ್ಟೆ ಹೊಲಿದು ನೋಡು, ಭಾರ ಗೊತ್ತಾಗಲಿ, ಆಮೇಲೂ ಬೇಕೆನಿಸಿದರೆ ತರಿಸು ಎಂದರು. ಆರ್ಡರ್ ಕೊಟ್ಟ ಮೇಲೆ ತಯಾರಾಗಿ ಬರಲು ತಿಂಗಳುಗಟ್ಟಲೆ ಬೇಕು, ಕಾಯುವುದು ಆಗದವರು ಈ ದಾರಿಗೆ ಬರಬಾರದು ಎಂದರು. ನನಗೆ ಕಾಯುವುದೆಂದರೆ ಆಗಿಬರುವುದಿಲ್ಲ. ಆದರೂ ಕಾದೆ.

ಮಧ್ಯಾಹ್ನ ದವಾಖಾನೆ ಮುಚ್ಚಿದ ಹೊತ್ತಿನಲ್ಲಿ ನಾವಿಬ್ಬರೂ ಕೂಡುತ್ತಿದ್ದೆವು. ಹುರಿ ಸಡಿಲಾದರೆ ಗೊಂಬೆ ಕುಸಿಯುತ್ತದೆ, ಬಿಗಿಯಾದರೆ ಕಾಲು ತಾನೇ ಝಾಡಿಸುತ್ತದೆ. ಒಮ್ಮೆ ನಾನು ಬಿಗಿದ ಹುರಿಗೆ ಗೊಂಬೆ ಒದ್ದು ಲವಂಗದೆಣ್ಣೆಯ ಬಾಟಲಿಯನ್ನು ಟೇಬಲ್ಲಿನಿಂದ ಬೀಳಿಸಿತು. "ನಿನ್ನಂಗ ಸಿಟ್ಟಿನಾಕಿ ಆಗ್ಯಾಳ ನೋಡು," ಎಂದು ಬಾಯಾರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮುಖದ ಬಣ್ಣ ಮಾಸಿದಾಗ ಅವರೇ ಬರೆಯುತ್ತಿದ್ದರು. ಒಂದೇ ಎಳೆಯ ಕುಂಚ. ಉಸಿರು ಹಿಡಿದು ರೆಪ್ಪೆಯ ಒಂದೊಂದು ಕೂದಲನ್ನೂ ಎಳೆಯುವಾಗ ಆ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಂತರ ಬಣ್ಣ ಕಾಯುವ ಲೇಪ ಸಿಂಪಡಿಸಿ ಒಣಗಲು ಬಿಡುತ್ತಿದ್ದರು, ನೆರಳಿನಲ್ಲಿ. ಬಿಸಿಲಿಗೆ ರೆಸಿನ್ ಹಳದಿಯಾಗಿಬಿಡುತ್ತದೆ.

ಗುಳೇದಗುಡ್ಡದ ಖಣದಲ್ಲಿ ನಾನು ಅವಳಿಗೊಂದು ಕುಪ್ಪಸ ಹೊಲಿದೆ. ಬಾಯಾರಿಗೆ ಖುಷಿಯಾಯಿತು, ಆದರೆ ತೊಡಿಸಲಿಲ್ಲ. ಹೊಸ ಖಣದ ಬಣ್ಣ ಮೈಗೆ ಹತ್ತುತ್ತದೆ, ಒಳಗೆ ಬಿಳಿ ಅಸ್ತರು ಕೊಡು ಎಂದರು. ಕೊಟ್ಟ ಮೇಲೆಯೇ ತೊಡಿಸಿದ್ದು. ಬಣ್ಣಕ್ಕಿಂತ ಅವರಿಗೆ ಹೆಚ್ಚಿನ ಭಯ ಅರಿಷಿಣ ಕುಂಕುಮದ್ದು. ನಮ್ಮ ಕಡೆ ಹೆಣ್ಣು ಮುಖ ಕಂಡರೆ ಸಾಕು, ಹಿರಿಯರ ಕೈ ಕುಂಕುಮದ ಕರಡಿಗೆಗೆ ಹೋಗುತ್ತದೆ. ಒಂದು ಶುಕ್ರವಾರ ಹಲ್ಲು ತೋರಿಸಲು ಬಂದ ಮುದುಕಿಯೊಬ್ಬರು ಗೊಂಬೆಯನ್ನು ನೋಡಿ, ಲಕ್ಷ್ಮಿ ಇದ್ದಂಗ ಅದಾಳ ಎನ್ನುತ್ತ ಕುಂಕುಮದ ಬೆರಳು ಮುಂದೆ ಚಾಚಿದರು. ಬಾಯಾರು ಥಟ್ಟನೆ ನಡುವೆ ಬಾಗಿ ತಮ್ಮ ಹಣೆ ಒಡ್ಡಿದರು. "ಆಕಿ ಪಾಲಿಂದು ನನಗ ಹಚ್ರಿ ಅವ್ವಾ," ಎಂದರು. ಮುದುಕಿ ಸಂತೋಷದಿಂದ ಹಚ್ಚಿ ಹೋದರು. "ರೆಸಿನ್ನಿಗೆ ಒಂದ ಸಲ ಕುಂಕುಮ ಹತ್ತಿತಂದ್ರ ಹೋಗೂದಿಲ್ಲ, ಲಗೂನ ಒರಸಬೇಕು," ಎಂದು ಆಮೇಲೆ ನನಗೆ ಹೇಳಿದರು. ಜನ ಮಗಳು ಮಗಳು ಎಂದರೆ ಅವರಿಗೆ ಸೇರುತ್ತಿರಲಿಲ್ಲ. "ಮಗಳಲ್ಲ. ಗೊಂಬಿ ಅದ, ಗೊಂಬಿಯಂಗನ ಕಾಯಬೇಕು," ಎನ್ನುತ್ತಿದ್ದರು.

ಕೆಲವು ವರ್ಷ ಹೀಗೇ ಹೋಯಿತು. ನನ್ನದೊಂದು ಗೊಂಬೆಯೂ ಬಂತು, ಚಿಕ್ಕದು. ಅದು ಬಂದ ಮೇಲೂ ನನ್ನ ಕಣ್ಣು ಬಾಯಾರ ಕಪಾಟಿನ ಮೇಲೇ ಇರುತ್ತಿತ್ತು...

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿಯಲ್ಲಿ ಸದ್ದು ಕೇಳಿಸಿತು. ಹುಬ್ಬಳ್ಳಿಗೆ ಹೋಗಿ ತೋರಿಸಿ ಬಂದರು. ನರದ ಬೇನೆ, ಕಡಿಮೆಯಾಗುವಂಥದ್ದಲ್ಲ ಎಂದರಂತೆ. ಒಂದು ದಿನ ಪೇಷಂಟಿನ ಬಾಯೊಳಗೆ ಕೈ ಹಾಕುವ ಮೊದಲೇ ಹಿಂದಕ್ಕೆ ತೆಗೆದು, "ನೀವು ಬ್ಯಾರೆ ಕಡೆ ತೋರಸ್ರಿ," ಎಂದು ಅವನನ್ನು ಎಬ್ಬಿಸಿ ಕಳಿಸಿದರು. ಮರುದಿನ ದವಾಖಾನೆ ತೆರೆಯಲಿಲ್ಲ. ನಾನು ಅವರ ಮನೆಗೆ ಹೋಗಿ ಪಕ್ಕದಲ್ಲಿ ಕುಳಿತೆ. ನಾನು ಅತ್ತುಬಿಟ್ಟೆ. ಅಳುತ್ತಿರುವಾಗಲೇ ಮನಸ್ಸಿನ ಒಂದು ಮೂಲೆ ಕೇಳಿತು: ಇನ್ನು ಗೊಂಬೆ ಯಾರಿಗೆ? ಹುರಿ ಬಿಗಿಯಲು ಇವರಿಗಾಗುವುದಿಲ್ಲ, ಮಗನಿಗೆ ಬೇಕಿಲ್ಲ... ಆ ಯೋಚನೆ ಬಂದದ್ದು ನಿಜ. ಯಾವ ಗಂಗೆಯಲ್ಲಿ ಮುಳುಗಿದರೂ ಅದು ಬಂದಿರಲಿಲ್ಲ ಎಂದು ಹೇಳಲಾರೆ.

ಯಜಮಾನರ ನಿವೃತ್ತಿಯಾದ ಮೇಲೆ ಅವರು ಸವದತ್ತಿಯ ಹಿರೇಮನೆಗೆ, ಮೈದುನನ ಸಂಸಾರದ ಜೊತೆ ಇರಲು ಹೋದರು. ಒಂದು ದಿನ ಫೋನು ಬಂತು. "ಬಂದು ಗೊಂಬಿ ಒಯ್ಯವಾ. ಇನ್ನ ನಿನ್ನ ಕಡೇನ ಇರಲಿ." ನಾನು ಎರಡು ಸಲ ಬೇಡ ಎಂದೆ. ಮೂರನೆಯ ಸಲ ಅವರು ಕೇಳುವ ಮೊದಲೇ ಯಾವ ಬಸ್ಸಿಗೆ ಹೋಗುವುದೆಂದು ಲೆಕ್ಕ ಹಾಕಿದ್ದೆ.

ಹೋದಾಗ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಮಣೆಯ ಮೇಲೆ ಗೊಂಬೆ, ನಾನು ಹೊಲಿದ ಖಣದ ಕುಪ್ಪಸ ತೊಟ್ಟು ಕುಳಿತಿತ್ತು. ಪಕ್ಕದಲ್ಲಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಖಣ, ಅರಿಷಿಣ ಕುಂಕುಮದ ಕರಡಿಗೆ, ತಂಬಿಗೆಯಲ್ಲಿ ನೀರು. ಮನೆಯಿಂದ ಹೆಣ್ಣುಮಗಳನ್ನು ಕಳಿಸುವಾಗ ಉಡಿ ತುಂಬಲು ಮಾಡಿಕೊಳ್ಳುವ ತಯಾರಿ ಎಲ್ಲವೂ ಇತ್ತು. ನನಗೆ ಉಡಿ ತುಂಬಲಿಕ್ಕೆ ಎಂದುಕೊಂಡೆ. ಬಾಯಾರು ಗೊಂಬೆಯ ಎದುರಿಗೆ ಕುಳಿತರು.

"ಬರೀ ಹಣೀಲೆ ಕಳಸಬಾರದು," ಎಂದರು.

ಗೊಂಬಿಯಂಗನ ಕಾಯಬೇಕು ಎನ್ನುತ್ತಿದ್ದ ಅದೇ ಬಾಯಾರು. ನಡುಗುವ ಬೆರಳಿಂದ ಅದರ ಕೆನ್ನೆಗೆ ಅರಿಷಿಣ ಸವರಿದರು. ಆಮೇಲೆ ಉಂಗುರ ಬೆರಳನ್ನು ಕುಂಕುಮದಲ್ಲಿ ಅದ್ದಿ ಹಣೆಗೆ ಒಯ್ದರು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಹಣೆಯ ನಡುವೆ ಬೆರಳು ಊರಿತು, ಕೈ ಝಗ್ಗೆಂದು ಎಳೆಯಿತು, ಕುಂಕುಮ ಹುಬ್ಬು ದಾಟಿ ಕೆನ್ನೆಯ ಮೇಲಕ್ಕೆ ಬಂತು.

"ಅಯ್ಯ, ಕಲಿ ಆಗತೈತ್ರಿ!"

ಕಲೆಯಾಗುತ್ತದೆ ಎಂದವಳು ನಾನು. ಅಂದಷ್ಟೇ ಅಲ್ಲ. ತಂಬಿಗೆಗೆ ಸೆರಗಿನ ತುದಿ ಅದ್ದಿ, ಒಂದು ಕೈಯಿಂದ ಗೊಂಬೆಯ ತಲೆಯ ಹಿಂಬದಿ ಹಿಡಿದು, ಹಣೆ, ಹುಬ್ಬು, ಕೆನ್ನೆ ಎಲ್ಲವನ್ನೂ ಒರೆಸಿಬಿಟ್ಟೆ. ಕೀಲಿಗೆ ಹತ್ತಬಾರದೆಂದು ಕುತ್ತಿಗೆಯ ಸಂದಿಯನ್ನೂ ಒರೆಸಿದೆ. ಬಾಯಾರು ಕಲಿಸಿದ್ದ ಹಾಗೆಯೇ, ತಿಕ್ಕದೆ, ಒತ್ತಿ ಒತ್ತಿ.

ತಲೆ ಎತ್ತಿದಾಗ ಅವರು ತಮ್ಮ ಬೆರಳನ್ನು ನೋಡುತ್ತಿದ್ದರು. ಬೆರಳಿನ ತುದಿಯಲ್ಲಿ ಇನ್ನೂ ಕುಂಕುಮ ಇತ್ತು. ಹಿಂದೆ ನಿಂತಿದ್ದ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಮುಖ ಆ ಕಡೆ ತಿರುಗಿಸಿಕೊಂಡರು.

"ಛಲೋ ಮಾಡಿದಿ," ಎಂದರು ಬಾಯಾರು. "ಲಗೂನ ಒರಸಬೇಕು. ನಾನಽ ಕಲಿಸಿದ್ದು."

ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ನಾನು ಹೋಗುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ. ನನ್ನ ಉಡಿಯನ್ನು ನೆಗೆಣ್ಣಿಯೇ ತುಂಬಿದರು. ಕಾಲು ಮುಟ್ಟಿ ಬರುವಾಗಲೂ ನನ್ನ ಲಕ್ಷ್ಯವೆಲ್ಲ ಪೆಟ್ಟಿಗೆಯ ಮೇಲಿತ್ತು, ಬಸ್ಸಿನಲ್ಲಿ ಎಲ್ಲಿ ಇಡುವುದೆಂದು.

ಬಸ್ಸಿನಲ್ಲಿ ಪಕ್ಕಕ್ಕೆ ಯಲ್ಲಮ್ಮನ ಗುಡ್ಡದಿಂದ ಬರುತ್ತಿದ್ದ ಹೆಂಗಸೊಬ್ಬಳು ಕುಳಿತಳು. ಹಣೆ ತುಂಬ ದೇವಿಯ ಭಂಡಾರ, ಅರಿಷಿಣದ ಪುಡಿ. ನನ್ನ ಉಡಿ ನೋಡಿ, ತವರಿಗೆ ಹೋಗಿದ್ರೇನ್ರಿ ಎಂದು ಮಾತಿಗೆಳೆದಳು. ಹೌದೆಂದೆ. ಗೊಂಬೆಯ ಮುಖಕ್ಕೇನಾದರೂ ಆಗಿದೆಯೋ ಎಂದು ನಾನು ಮುಚ್ಚಳ ಸರಿಸಿ ನೋಡುವಾಗ ಅವಳೂ ಬಗ್ಗಿದಳು.

"ಏನ್ ಛಂದ ಐತ್ರೀ ಕೂಸು! ಹಣಿ ಬರೇದ ಐತಲ್ರೀ, ತಡೀರಿ," ಎಂದು ಭಂಡಾರದ ಪೊಟ್ಟಣ ಬಿಚ್ಚಿದಳು.

"ಬ್ಯಾಡ್ರಿ, ಕಲಿ ಆಗತೈತ್ರಿ," ಎಂದು ಅವಳ ಕೈಗೆ ಅಡ್ಡ ಹಿಡಿದೆ.

ಅವಳು ಪಾಪ, ಕೈ ಹಿಂದೆ ತೆಗೆದುಕೊಂಡಳು. ಆ ಕೈ ಹಿಂದೆ ಹೋದದ್ದನ್ನು ನೋಡಿದಾಗಲೇ ನನಗೆ ತಿಳಿದದ್ದು, ನಾನು ಏನು ಮಾಡಿ ಬಂದಿದ್ದೇನೆ ಎಂದು. ಕಲೆಯಾಗುತ್ತದೆ ಎನ್ನುವುದು ನನಗಿಂತ ಹೆಚ್ಚು ಗೊತ್ತಿದ್ದವರು ಬಾಯಾರು. ಗೊತ್ತಿದ್ದೇ ಹಚ್ಚಿದ್ದರು. ಮನೆಯಿಂದ ಹೊರಟ ಹೆಣ್ಣಿನ ಹಣೆಯ ಕುಂಕುಮವನ್ನು, ಹಚ್ಚಿದವರ ಕಣ್ಣೆದುರಿಗೇ, ಅವರದೇ ಮನೆಯ ನೀರಿನಲ್ಲಿ ಒರೆಸಿದ್ದೆ. ನಿಮ್ಮ ಕೈ ಇನ್ನು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ಬಸ್ಸು ಮುರಗೋಡ ದಾಟುತ್ತಿತ್ತು. ಇಳಿದು ತಿರುಗಿ ಹೋಗಬಹುದಿತ್ತು. ಕತ್ತಲಾಗುತ್ತದೆ ಎಂದು ಹೋಗಲಿಲ್ಲ.

ದಸರೆಗೆ ಗೊಂಬೆಯನ್ನು ಕರೆದುಕೊಂಡು ಹೋಗಿ, ಬಾಯಾರ, ನೀವ ಹಚ್ರಿ ಎನ್ನಬೇಕೆಂದುಕೊಂಡೆ. ದಸರೆಗೆ ಬ್ಲೌಸಿನ ರಾಶಿ ಬಿತ್ತು. ದೀಪಾವಳಿಗೆ ಎಂದುಕೊಂಡೆ... ನಡುವೆ ಅವರೇ ಫೋನು ಮಾಡಿದರು. "ಹೆಂಗದಾಳ ನಮ್ಮ ಹುಡುಗಿ?" ಮೊದಲ ಸಲ ಹುಡುಗಿ ಎಂದಿದ್ದರು. ನಾನು "ಛಲೋ ಅದಾಳ್ರಿ, ಒಂದೂ ಕಲಿ ಇಲ್ರಿ," ಎಂದುಬಿಟ್ಟೆ. "ಆತು, ಛಲೋ ಆತು," ಎಂದು ಇಟ್ಟರು. ಮುಂದಿನ ಫೋನು ಅವರ ನೆಗೆಣ್ಣಿಯದು. ಬಾಯಾರು ಹೋಗಿಬಿಟ್ಟಿದ್ದರು.

ಸವದತ್ತಿಗೆ ಅವರ ಮನೆಯವರನ್ನು ಮಾತಾಡಿಸಲು ಹೋದೆ. ಗೊಂಬೆಯನ್ನು ಚೀಲದಲ್ಲಿ ಒಯ್ದಿದ್ದೆ, ಹೊರಗೆ ತೆಗೆಯಲಿಲ್ಲ. ಎದುರಿಗೆ ಕುಳಿತ ನೆಗೆಣ್ಣಿಗೆ ನನ್ನ ಮೇಲೆ ಸಿಟ್ಟಿರಬಹುದೆಂದು ಹೆದರಿದ್ದೆ. ಸಿಟ್ಟಿರಲಿಲ್ಲ. ಏನೋ ಮಾತಿಗೆ ಮಾತು ಬಂದು ಹೇಳಿದರು:

"ನೀವು ಬರೋ ದಿನ ಮುಂಜಾನಿಂದ ಕೂತಿದ್ರು ನೋಡ್ರಿ. ಉಡಿ ಕಾಯಿ ಮ್ಯಾಲ ಕುಂಕುಮ ಹಚ್ಚೂದು, ನೋಡೂದು, ಮತ್ತ ಹಚ್ಚೂದು. ಕೈ ನಿಲ್ಲಬೇಕು, ಆಕಿ ಮಾರಿ ಕೆಡಬಾರದು ಅಂತ. ನಾ ಹಚ್ಚತೇನಿ ಅಂದ್ರ ಕೊಡಲಿಲ್ಲ."

ಆ ಕಾಯಿ ನನ್ನ ಉಡಿಯಲ್ಲಿ ಬಂದಿತ್ತು. ಮನೆಗೆ ಬಂದು ತೆಗೆದಾಗ ಮೈಯೆಲ್ಲ ಕುಂಕುಮದ ಗೆರೆ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಒಂದೆರಡು ಬೊಟ್ಟು ಮಾತ್ರ ನೆಟ್ಟಗೆ ದುಂಡಗಿದ್ದವು. ಇದೇನು ಹೀಗೆ ಬಳಿದಿದ್ದಾರೆ ಎಂದುಕೊಂಡು ನಲ್ಲಿಯ ಕೆಳಗೆ ತೊಳೆದು, ಒಡೆದು, ಚಟ್ನಿ ಮಾಡಿದ್ದೆ. ನೆಗೆಣ್ಣಿಗೆ ಇದನ್ನು ಹೇಳಲಿಲ್ಲ, ಯಾರಿಗೂ ಹೇಳಿಲ್ಲ.

ಹುರಿ ಬದಲಿಸುವಾಗಲೆಲ್ಲ ಆ ಮುಖವನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಹುಬ್ಬಿನ ಸಂದಿಯಲ್ಲಿ, ಮೂಗಿನ ಪಕ್ಕ, ಎಲ್ಲಾದರೂ ಒಂದು ಕೆಂಪು ಉಳಿದಿದೆಯೇ ಎಂದು. ಬಾಯಾರು ಬರೆದ ರೆಪ್ಪೆಗಳು ಹಾಗೇ ಇವೆ. ಕೆಂಪು ಇಲ್ಲ. ಅವರು ಹಾಕಿದ ಲೇಪ ಗಟ್ಟಿಯಾಗಿತ್ತು, ನನ್ನ ಕೈ ಚುರುಕಾಗಿತ್ತು. ನಾನೇ ಈಗ ಕುಂಕುಮ ಹಚ್ಚಬಹುದು, ಹಚ್ಚಲು ಕೈ ಬರುವುದಿಲ್ಲ. ಅದು ನನ್ನ ಕುಂಕುಮವಾಗುತ್ತದೆ, ಅವರದಾಗುವುದಿಲ್ಲ.

ಅದೇ ರವಿವಾರ ಮಧ್ಯಾಹ್ನ ರಾಮದುರ್ಗದ ಹುಡುಗಿ ಬಂದಳು. ಬಳೆ ಇರಲಿಲ್ಲ, ಗಡಿಯಾರ ಮಾತ್ರ, ಅದನ್ನು ಹೇಳುವ ಮೊದಲೇ ಬಿಚ್ಚಿಟ್ಟಳು. ಮುಟ್ಟಲೇನ್ರಿ ಎಂದು ಕೇಳಿದಳು. ಎರಡೂ ಕೈಯಲ್ಲಿ ಗೊಂಬೆಯನ್ನು ಎತ್ತಿಕೊಂಡು, ಕಿಟಕಿಯ ಹತ್ತಿರ ಒಯ್ದು, ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಇಷ್ಟು ವರ್ಷ ಆದ್ರೂ ಮಾರಿ ಮ್ಯಾಲ ಒಂದೂ ಕಲಿ ಇಲ್ಲಲ್ರೀ ಅಕ್ಕಾರ! ಕುಂಕುಮ ಗಿಂಕುಮ ಏನೂ ಹತ್ತಿಲ್ಲೇನ್ರಿ?"

"ಒಂದ ಸಲ ಹತ್ತಿತ್ತವಾ. ಒರಸಿಬಿಟ್ಟೆ."

ಹುಡುಗಿ ಲಗುಬಗೆಯಿಂದ ಗೊಂಬೆಯನ್ನು ನನ್ನ ಕೈಗೆ ಕೊಟ್ಟು ಫೋನು ತೆಗೆದಳು. "ಹೌದ್ರಿ? ಇದು ಎಲ್ಲಾರಿಗೂ ಬೇಕಾಗತೈತ್ರಿ. ಯಾವುದರ್ಲೆ ಒರಸಿದ್ರಿ?"

ನಾನು ಗೊಂಬೆಯ ಹಣೆ ನೋಡುತ್ತ ಹೇಳಿದೆ, "ಸೆರಗಿಲೆ."

ಅವಳು ಅದನ್ನು ಬರೆದುಕೊಂಡು, ಮುಂದೆ ಹೇಳ್ರಿ ಎಂದು ನನ್ನ ಮುಖ ನೋಡುತ್ತ ಕುಳಿತಳು.